ಕೆಂಚಿ ಕಟ್ಟೆಯ ಝೆಲಿ

ನನ್ನ ಮದುವೆಯ ಊಟದ ನಡುವೆ ನನ್ನ ಅತ್ತೆ ಎದ್ದು ಹೋದಳು. ಸೂಪು ಮುಗಿದಿತ್ತು, ಬಸವನಹುಳದ ಪಲ್ಯ ಬಡಿಸುತ್ತಿದ್ದರು. ಆಕೆ ಕಿಟಕಿಯ ಕಡೆ ಒಮ್ಮೆ, ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿದಳು. ಕುರ್ಚಿ ಹಿಂದಕ್ಕೆ ತಳ್ಳಿ, ಹೊಸ ಕಪ್ಪು ಲಂಗವನ್ನು ಸೊಂಟಕ್ಕೆ ಎತ್ತಿ ಸಿಕ್ಕಿಸಿಕೊಂಡು ಹಿತ್ತಿಲ ಬಾಗಿಲಿಂದ ಹೊರಟೇಬಿಟ್ಟಳು. ನಮ್ಮಮ್ಮ ನನ್ನ ಮೊಣಕೈ ತಿವಿದು, "ಏನೇ ಜೆರ್ಮೆನ್, ಬೀಗಿತ್ತಿಗೆ ನಾವು ಇಷ್ಟ ಆಗಲಿಲ್ವಾ?" ಅಂತ ಪಿಸುಗುಟ್ಟಿದಳು.

ಪಕ್ಕದಲ್ಲಿದ್ದ ರೆಮಿ, ಅಂದರೆ ಆವತ್ತು ಬೆಳಿಗ್ಗೆಯಷ್ಟೇ ನನ್ನ ಗಂಡನಾದವನು, ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಕಡಲಿಳಿತದ ಹೊತ್ತು. ಬರ್ತಾಳೆ ಬಿಡಿ."

ಸಿಹಿ ಬಡಿಸುವ ಹೊತ್ತಿಗೆ ಬಂದಳು. ಲಂಗದ ಅಂಚು ಒದ್ದೆ, ಬುಟ್ಟಿಯಲ್ಲಿ ತೋಳುದ್ದದ ಎರಡು ಬಾರ್ ಮೀನು ಇನ್ನೂ ಬಾಲ ಬಡಿಯುತ್ತಿದ್ದವು. ಬುಟ್ಟಿಯನ್ನು ನೇರ ನಮ್ಮಮ್ಮನ ಮಡಿಲಿಗೇ ಇಟ್ಟು, "ದಾರಿಯಲ್ಲಿ ಕೆಡಲ್ಲ, ಉಪ್ಪು ಹಾಕಿ ಕೊಡ್ತೀನಿ," ಎಂದಳು. ನಾವು ಲಿಮೂಸಾಂ ಕಡೆಯ ದನ ಸಾಕುವ ಜನ. ನಮ್ಮಮ್ಮ ಜೀವಂತ ಮೀನು ಕಂಡದ್ದೇ ಅವತ್ತು. ಕಿರುಚಿದಳು. ಇದು 1961ರ ಮಾತು.

ನನ್ನ ಅತ್ತೆಯ ಹೆಸರು ಝೆಲಿ ಮೊರಾಂದೋ. ಫ್ರಾನ್ಸಿನ ಒಲೆರಾನ್ ದ್ವೀಪದ ಪಡುವಣ ದಂಡೆಯಲ್ಲಿರುವ ಲಾ ಮೊರ್ಲಿಯೆರ್ ಅನ್ನುವ ನಮ್ಮ ಊರಲ್ಲಿ ಆಗ ಅರವತ್ತು ಮನೆ, ಒಂದು ಇಗರ್ಜಿ, ಕಡಲೊಳಗೆ ಐದು ಮೀನುಕಟ್ಟೆ ಇದ್ದವು. ಮೀನುಕಟ್ಟೆ ಅಂದರೆ ಕುದುರೆ ಲಾಳದ ಆಕಾರದ ಕಲ್ಲುಗೋಡೆ. ಗಾರೆಯಿಲ್ಲ, ಸಿಮೆಂಟಿಲ್ಲ. ಉಬ್ಬರದಲ್ಲಿ ಗೋಡೆ ಪೂರ್ತಿ ಮುಳುಗುತ್ತದೆ, ಮೀನು ಮೇಲಿಂದ ಒಳಗೆ ಬರುತ್ತದೆ. ಇಳಿತದಲ್ಲಿ ಜಾಲರಿ ಕಿಂಡಿಗಳಿಂದ ನೀರು ಹೊರಗೆ ಹೋಗುತ್ತದೆ, ಮೀನು ಒಳಗೇ ಉಳಿಯುತ್ತದೆ. ನಮ್ಮ ಮನೆಗೆ ಪಾಲಿದ್ದ ಕಟ್ಟೆಗೆ ಕೆಂಚಿ ಅಂತ ಹೆಸರು. ಕಲ್ಲುಗಳ ಮೇಲೆ ಕೆಂಪು ಪಾಚಿ ಬೆಳೆಯುತ್ತಿದ್ದದ್ದರಿಂದ. ಹದಿನಾರು ಮನೆಗಳಿಗೆ ಅದರಲ್ಲಿ ಸರದಿ. ಸರದಿ ಇದ್ದವರು ಮೀನು ಹಿಡಿಯಬೇಕು, ಗೋಡೆ ಬಿದ್ದರೆ ಎಲ್ಲರೂ ಸೇರಿ ಕಟ್ಟಬೇಕು. ನಿಯಮ ಅಷ್ಟೇ.

ನನ್ನತ್ತೆ ಮಾತ್ರ ಸರದಿ ಇರಲಿ ಬಿಡಲಿ, ದಿನಾ ಹೋಗುತ್ತಿದ್ದಳು. ಒಂದು ಕಲ್ಲು ಅಲುಗಿದೆಯೇ ಅಂತ ನೋಡಲು. ಒಂದು ಕಲ್ಲು ಬಿದ್ದ ಜಾಗದಲ್ಲಿ ಮುಂದಿನ ಉಬ್ಬರಕ್ಕೆ ಹತ್ತು ಬೀಳುತ್ತವೆ, ಅದರ ಮುಂದಿನದಕ್ಕೆ ನೂರು. ಮೋಡ ಕವಿದರೆ ಆಕೆಯ ಕೈ ಏಪ್ರನ್ನಿನ ಅಂಚನ್ನು ತಿರುಚಲು ಶುರು. ಗಾಳಿ ಬೀಸಿದರೆ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ. ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು ನಿಂತೇ ತಿನ್ನುವಳು. ಅಂಗಳದ ಗೇಟಿನಿಂದ ಕೂಗುವಳು: "ಏಯ್ ದನದೂರಿನವಳೇ! ನೀರು ಕಾಯಲ್ಲ ಕಣೇ!"

ನಾನು ಹೋಗಬೇಕಿತ್ತು. ಮೊದಲ ಚಳಿಗಾಲದಲ್ಲೇ ನನ್ನ ಕೈ ಬಿರಿದವು. ಸಿಂಪಿ ಚಿಪ್ಪು ಬ್ಲೇಡಿನ ಹಾಗೆ, ಪ್ರತಿ ಕಲ್ಲಿಗೂ ಅದು ಅಂಟಿಕೊಂಡಿರುತ್ತದೆ. ಸಂಜೆ ಹಂದಿ ಕೊಬ್ಬು ಸವರಿಕೊಂಡು ಅಳುತ್ತಿದ್ದೆ. ಅತ್ತೆ ನೋಡಿ, "ಅಳೋದಾದ್ರೆ ಅಲ್ಲೇ ಅಳ್ಬೇಕಿತ್ತು. ಉಪ್ಪುನೀರಿಗೆ ಉಪ್ಪುನೀರು," ಅಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಹತ್ತು ವರ್ಷ ಹಿಡಿಸಲಿಲ್ಲ.

ರೆಮಿ ಮದುವೆಯಾದಾಗಿನಿಂದ ಒಂದು ದಿನವೂ ಕಟ್ಟೆಯ ಕಡೆ ಕಾಲಿಡಲಿಲ್ಲ. ಅವನು ಜವುಗಿನ ಕಾಲುವೆಯಲ್ಲಿ ಸಿಂಪಿ ಬೆಳೆಸುತ್ತಿದ್ದ. ಏಕೆ ಬರುವುದಿಲ್ಲ ಅಂತ ಕೇಳಿದರೆ "ಹೊತ್ತಿಲ್ಲ" ಎನ್ನುತ್ತಿದ್ದ. ನಾನೂ ಅದನ್ನೇ ನಂಬಿದ್ದೆ.

ದ್ವೀಪಕ್ಕೆ ಸೇತುವೆ ಆದಮೇಲೆ ಜನರಿಗೆ ಬೇರೆ ಕೆಲಸ ಸಿಕ್ಕವು. ಹದಿನಾರು ಮನೆ ಒಂಬತ್ತಾಯಿತು, ಮೂರಾಯಿತು, ಕೊನೆಗೆ ಎರಡಾಯಿತು. ಕಟ್ಟೆಯ ಯಜಮಾನ ಫುಲ್ಜಾನ್ಸ್ ಪ್ರಿಯು ದಪ್ಪ ಮೀಸೆಯ, ಮೆದು ಮನಸ್ಸಿನ ಮನುಷ್ಯ. ಅವನೂ ಸಿಂಪಿಯ ಕಡೆ ವಾಲಿದ. ಒಂದು ದಿನ ನಮ್ಮ ಅಂಗಳಕ್ಕೆ ಬಂದು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಝೆಲಿ, ನನ್ನ ಕೈಲಾಗಲ್ಲ. ಈ ಸಲದಿಂದ ನಾನು ಬಿಟ್ಟೆ."

"ಬಿಡು. ಟೊಪ್ಪಿ ಯಾಕೆ ಹಿಂಡ್ತಿದ್ದೀಯ? ಅದೇನು ಮಾಡ್ತು ನಿನಗೆ?"

"ನೀನೂ ಬಿಟ್ಬಿಡು ಅಂತ ಹೇಳೋಕೆ ಬಂದೆ. ಆ ಕಲ್ಲೇನು ಹಾಲು ಕೊಡತ್ತಾ?"

"ಹಾಲು ಬೇಕಾದ್ರೆ ನನ್ನ ಸೊಸೆ ಊರಿಗೆ ಹೋಗು. ಅಲ್ಲಿ ಬೇಕಾದಷ್ಟಿದೆ," ಅಂದವಳೇ ಬುಟ್ಟಿ ಎತ್ತಿಕೊಂಡು ಹೊರಟಳು.

ಅಲ್ಲಿಂದ ಇನ್ನೂರು ಮೀಟರಿನ ಗೋಡೆಗೆ ನಾವಿಬ್ಬರೇ ಹೆಂಗಸರು.

1971ರ ಅಕ್ಟೋಬರಿನಲ್ಲಿ ಸೇತುವೆಯಾಚೆ ಮಾರೆನ್‌ನಲ್ಲಿದ್ದ ಆಕೆಯ ಅಕ್ಕ ಬಿದ್ದು ಕಾಲು ಮುರಿದುಕೊಂಡಳು. ಅತ್ತೆ ಮೂರು ವಾರ ಅಲ್ಲಿರಬೇಕಾಯಿತು. ಬಸ್ಸು ಹತ್ತುವಾಗ ಕಿಟಕಿಯಿಂದ ತಲೆ ಹೊರಹಾಕಿ, "ಗೋಡೆಯ ಬಡಗಣ ತೋಳಿನ ಹತ್ತಿರ ದಿನಾ ನೋಡು. ಅಲ್ಲಿ ಒಂದು ದೊಡ್ಡ ಕಲ್ಲು ತೂಗಾಡ್ತಿದೆ," ಎಂದಳು.

ಆಕೆ ಹೋದ ನಾಲ್ಕನೆಯ ದಿನ ರೆಮಿ ಮತ್ತು ಫುಲ್ಜಾನ್ಸ್ ಟ್ರಾಕ್ಟರು ತೆಗೆದುಕೊಂಡು ಕಟ್ಟೆಗೆ ಹೋದರು. ಸಿಂಪಿ ಇಳಿಸುವ ಜಾಗದಲ್ಲಿ ನೆಲ ಹುದುಲು, ಟ್ರಾಕ್ಟರು ಹೂತುಹೋಗುತ್ತಿತ್ತು. ಅಲ್ಲಿ ಗಟ್ಟಿ ನೆಲ ಮಾಡಿಕೊಳ್ಳಲು ಕಲ್ಲು ಬೇಕಿತ್ತು. ಎರಡು ಇಳಿತದಲ್ಲಿ ಬಡಗಣ ತೋಳನ್ನು ಬಿಚ್ಚಿ ಟ್ರೇಲರಿನಲ್ಲಿ ಹೇರಿಕೊಂಡು ಬಂದರು. ನನಗೆ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಅವರಿಬ್ಬರಿಗೂ ಕಾಫಿ ಕುದಿಸಿ ಫ್ಲಾಸ್ಕಿಗೆ ಹಾಕಿಕೊಟ್ಟವಳು ನಾನೇ. ತಡೆಯಬಹುದಿತ್ತು, ತಡೆಯಲಿಲ್ಲ. ಇನ್ನು ಮುಗಿಯಿತು, ಇನ್ನು ನನ್ನ ಕೈಗೆ ಸುಖ ಅಂದುಕೊಂಡೆ. ಆ ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು. ಇದನ್ನು ಮುಚ್ಚಿಟ್ಟು ಅತ್ತೆಯ ಕತೆ ಹೇಳಿದರೆ ಅದು ಕತೆಯಾಗುವುದಿಲ್ಲ.

ವಾಪಸು ಬಂದ ದಿನ ಬಸ್ಸಿಳಿದವಳು ಮನೆಗೆ ಬರದೆ, ಕೈಯಲ್ಲಿ ಚೀಲ ಹಿಡಿದೇ ಮರಳು ದಿಬ್ಬದ ಕಡೆ ನಡೆದಳು. ನಾನು ಬೇಲಿಯ ಸಂದಿಯಿಂದ ನೋಡುತ್ತ ನಿಂತೆ. ದಿಬ್ಬದ ಮೇಲೆ ನಿಂತಳು. ಬಹಳ ಹೊತ್ತು ನಿಂತಳು. ಇಳಿದು ಬಂದು, ಚೀಲ ಇಟ್ಟು, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಳು.

"ಅತ್ತೆ, ಕಾಫಿ ಕೊಡ್ಲಾ?"

"ಯಾರು?"

"ಏನು ಯಾರು?"

"ಕಲ್ಲಿಗೆ ಕಾಲಿಲ್ಲ. ಯಾರು ತಗೊಂಡು ಹೋದ್ರು?"

ಹೇಳಿದೆ. ಆಕೆ ನನ್ನ ಮುಖ ನೋಡಲಿಲ್ಲ. "ಆಗ ನೀನೆಲ್ಲಿದ್ದೆ?"

"ಇಲ್ಲೇ ಇದ್ದೆ."

"ಹೂಂ," ಎಂದಳು.

ಎರಡು ದಿನ ಆ ಕುರ್ಚಿ ಬಿಟ್ಟು ಏಳಲಿಲ್ಲ. ಇಳಿತ ಬಂತು, ಹೋಯಿತು. ಆಕೆ ಕಿಟಕಿಯ ಕಡೆಗೂ ತಿರುಗಲಿಲ್ಲ. ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಮೊದಲ ಸಲ ಯಾರೂ ಓಡಾಡುತ್ತಿರಲಿಲ್ಲ. ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆದೆ. ರೆಮಿ ಊಟಕ್ಕೆ ಬಂದರೆ ಚಮಚದ ಸದ್ದಷ್ಟೇ. ಎರಡನೆಯ ದಿನ ಅವನು ತಡೆಯಲಾರದೆ, "ಏನಾದ್ರೂ ಬೈಯಬಾರ್ದಾ ಅವ್ವಾ? ಬೈದುಬಿಡು!" ಎಂದ. ಆಕೆ ಬ್ರೆಡ್ಡು ಮುರಿದು ಸಾರಿನಲ್ಲಿ ಅದ್ದಿದಳು, ಅಷ್ಟೇ.

ಮೂರನೆಯ ಬೆಳಿಗ್ಗೆ ಕುರ್ಚಿ ಖಾಲಿ. ಕೊಟ್ಟಿಗೆಯಲ್ಲಿದ್ದ ಹಾರೆ ಇಲ್ಲ, ಒಂದು ಚಕ್ರದ ಕೈಗಾಡಿ ಇಲ್ಲ. ನಾನು ಕಾಲುವೆಯ ಕಡೆ ಓಡಿದೆ. ಅತ್ತೆ ರೆಮಿಯ ಹೊಸ ನೆಲದ ಮೇಲೆ ಮೊಣಕಾಲೂರಿ ಹಾರೆಯಿಂದ ಕಲ್ಲು ಮೀಟುತ್ತಿದ್ದಳು. ಒಂದು ಎದ್ದಿತು. ಅದನ್ನು ಎದೆಗೊತ್ತಿ ಎತ್ತಿ ಕೈಗಾಡಿಗೆ ಹಾಕಿದಳು. ಇನ್ನೊಂದು. ಅಲ್ಲಿಂದ ಕಟ್ಟೆಗೆ ಒಂದೂವರೆ ಕಿಲೋಮೀಟರು, ಕೊನೆಯ ಕಾಲು ಭಾಗ ಬರೀ ಮರಳು. ಆಕೆಗೆ ಆಗ ಐವತ್ತೊಂಬತ್ತು.

ಸಿಂಪಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ರೆಮಿಯ ಮುಖ ಕೆಂಪಾಗಿತ್ತು.

"ಸಾಕು ಮಾಡವ್ವಾ. ಜನ ನೋಡ್ತಿದ್ದಾರೆ."

"ನೋಡ್ಲಿ. ಕಲ್ಲು ಹೇರುವಾಗ ಯಾರೂ ನೋಡ್ಲಿಲ್ಲ, ಈಗಲಾದ್ರೂ ನೋಡ್ಲಿ."

"ನೀನು ತೆಗೆದಷ್ಟೂ ನಾನು ತಂದು ಹಾಕ್ತೀನಿ."

"ಹಾಕು. ನಿನಗೂ ಒಂದು ವ್ಯಾಯಾಮ."

"ನಾಳಿದ್ದು ಸಿಮೆಂಟ್ ಸುರಿಸ್ತೀನಿ! ಆಮೇಲೆ ಏನು ಮಾಡ್ತೀಯ?"

ಅತ್ತೆ ಕೈಗಾಡಿಯ ಹಿಡಿ ಹಿಡಿದವಳು ನಿಂತಳು. "ದೊಡ್ಡ ಹಾರೆ ತರ್ತೀನಿ," ಎಂದಳು. ಸಿಂಪಿಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ರೆಮಿ ಬೂಟು ಬಡಿಯುತ್ತ ಶೆಡ್ಡಿನೊಳಗೆ ಹೋದ.

ಆ ದಿನ ಆಕೆ ಒಂಬತ್ತು ಕಲ್ಲು ಸಾಗಿಸಿದಳು. ಸಾವಿರಾರು ಕಲ್ಲಿನಲ್ಲಿ ಒಂಬತ್ತು. ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನಿಂತು ಆಕೆ ಗೇಟು ದಾಟುವುದನ್ನು ನೋಡಿದೆ. ಕೂಗುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ಕೈಗಾಡಿಯ ಚಕ್ರ ಕೀಚಲು ಹಾಕುತ್ತ ದೂರವಾಯಿತು. ಆ ಕೂಗಿಗೆ ನಾನು ಹತ್ತು ವರ್ಷ ಶಾಪ ಹಾಕಿದ್ದೆ. ಈಗ ಅದು ಇಲ್ಲ. ಒಲೆ ಆರಿಸಿದೆ. ಪಕ್ಕದ ಮನೆಯಿಂದ ಇನ್ನೊಂದು ಕೈಗಾಡಿ ಎರವಲು ತಂದೆ.

ನಾನು ಬಂದು ಪಕ್ಕದಲ್ಲಿ ಬಗ್ಗಿದಾಗ ಆಕೆ ಒಮ್ಮೆ ತಿರುಗಿದಳು. "ಬಗ್ಗಿ ಎತ್ತಬೇಡ, ಕುಕ್ಕರಗಾಲಲ್ಲಿ ಕೂತು ಎತ್ತು. ಸೊಂಟ ಹೋಗತ್ತೆ," ಎಂದಳು. ರೆಮಿ ಶೆಡ್ಡಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ. ಆ ನೋಟ ನೆನಪಾದರೆ ಈಗಲೂ ತಲೆ ತಗ್ಗಿಸುತ್ತೇನೆ. ಅವತ್ತಿನಿಂದ ಅವನು ಶೆಡ್ಡಿನಲ್ಲೇ ಮಲಗತೊಡಗಿದ.

ಮಧ್ಯಾಹ್ನ ದಿಬ್ಬದ ಕೆಳಗೆ ಉಸಿರು ಹಾಕಲು ಕೂತಾಗ ಆಕೆ ತಾನಾಗಿ ಹೇಳಿದಳು. ಯುದ್ಧದ ಕಾಲದಲ್ಲಿ ಜರ್ಮನರು ದಂಡೆಯ ಉದ್ದಕ್ಕೂ ಮುಳ್ಳುತಂತಿ ಹಾಕಿ, ಮರಳಲ್ಲಿ ಸಿಡಿಗುಂಡು ಹೂತಿದ್ದರಂತೆ. ಕಟ್ಟೆಗೆ ಹೋಗುವಂತಿರಲಿಲ್ಲ.

"ಈ ದಿಬ್ಬದ ಹಿಂದೆ ನಿಂತು ನೋಡ್ತಿದ್ದೆ. ದಿನಾ ಒಂದಿಷ್ಟು ಬೀಳ್ತಿತ್ತು. ಹೋಗಿ ಒಂದು ಕಲ್ಲು ಇಟ್ಟಿದ್ರೆ ನಿಲ್ತಿತ್ತು. ಹೋಗೋ ಹಾಗಿಲ್ಲ. ವರ್ಷಗಟ್ಟಲೆ ಕೂತು ನೋಡಿದೆ ಕಣೇ. ಕೂತು ಕೂತು ಸಾಕಾಗಿಹೋಯ್ತು."

"ಆಮೇಲೆ?"

"ಆಮೇಲೆ 45ರ ಮೇ ತಿಂಗಳಲ್ಲಿ ಅವರು ಹೋದ್ರು. ಆನಾತೋಲ್‌ಗೆ ನಾನೇ ಅಂದೆ, ಹೋಗಿ ನೋಡ್ಕೊಂಡು ಬಾ, ಎಷ್ಟು ಉಳಿದಿದೆ ಅಂತ. ದಾರಿಯ ಸಿಡಿಗುಂಡೆಲ್ಲ ತೆಗೆದಾಗಿದೆ ಅಂತ ಯಾರೋ ಹೇಳಿದ್ರು. ತೆಗೆದಿರಲಿಲ್ಲ."

ಆನಾತೋಲ್ ಅಂದರೆ ನನ್ನ ಮಾವ. ಯುದ್ಧದಲ್ಲಿ ಸತ್ತ ಅಂತ ಮಾತ್ರ ನನಗೆ ಹೇಳಿದ್ದರು.

"ರೆಮಿಗೆ ಆಗ ಏಳು ವರ್ಷ. ಸದ್ದು ಕೇಳಿ ಓಡಿ ಬಂದ. ಅವನಿಗೆ ಈ ಗೋಡೆ ಅಂದ್ರೆ ಅಪ್ಪನ್ನ ತಿಂದದ್ದು. ಗೊತ್ತು ನನಗೆ." ಏಪ್ರನ್ನಿನಿಂದ ಕೈ ಒರೆಸಿಕೊಂಡಳು. "ಮುಂದಿನ ವರ್ಷ ಅವನ ಕೈಲೇ ಕಲ್ಲು ಹೊರಿಸಿದೆ. ಬೇರೆ ಯಾರಿದ್ರು ನನಗೆ? ಮಾಡಬಾರದಿತ್ತೇನೋ." ಅಂದವಳು ಎದ್ದೇಬಿಟ್ಟಳು. "ಏಳು, ನೀರು ತಿರುಗ್ತು."

ನಾಲ್ಕನೆಯ ದಿನ ಟ್ರಾಕ್ಟರಿನ ಸದ್ದು ಕೇಳಿಸಿತು. ಬಂದವನು ರೆಮಿಯಲ್ಲ, ಫುಲ್ಜಾನ್ಸ್. ಇಳಿದು, ಮೀಸೆ ತಿರುವುತ್ತ, ಯಾರ ಕಡೆಯೂ ನೋಡದೆ ಕಲ್ಲು ಹೇರತೊಡಗಿದ.

"ಏನೋ, ನನ್ನ ಮೇಲೆ ಕನಿಕರ ಬಂತಾ?" ಎಂದಳು ಅತ್ತೆ.

"ನಿನ್ನ ಮೇಲೆ ಯಾರಿಗೆ ಕನಿಕರ ಬರತ್ತೆ ಮಾರಾಯ್ತಿ? ನನ್ನ ಹೆಂಡ್ತಿ ಮೂರು ದಿನದಿಂದ ತಣ್ಣನೆ ಸೂಪು ಹಾಕ್ತಿದ್ದಾಳೆ. ಬ್ರೆಡ್ ಅಂಗಡಿಯವಳು ಸೀದದ್ದನ್ನೇ ಹುಡುಕಿ ಕೊಡ್ತಾಳೆ. ನಾನು ಈ ಊರಲ್ಲಿ ಬದುಕಬೇಕು."

ಕಲ್ಲು ವಾಪಸು ಹೋದವು. ರೆಮಿ ಅಡ್ಡ ಬರಲಿಲ್ಲ, ಕೈಯನ್ನೂ ಹಾಕಲಿಲ್ಲ. ಒಳನಾಡಿನಿಂದ ಜಲ್ಲಿ ತರಿಸಿ ತನ್ನ ನೆಲ ಮಾಡಿಕೊಂಡ. ಗೋಡೆ ಮತ್ತೆ ನಿಲ್ಲಲು ಎರಡು ವರ್ಷ ಹಿಡಿಯಿತು. ಒಮ್ಮೆ ಕಿತ್ತ ಕಲ್ಲು ತನ್ನ ಜಾಗ ಮರೆತುಬಿಡುತ್ತದೆ. ಮೈಮೇಲೆ ಸಿಂಪಿ ಬೆಳೆದು ಕಲ್ಲಿಗೆ ಕಲ್ಲು ಬೆಸೆದುಕೊಳ್ಳುವವರೆಗೆ ಎಲ್ಲೆಂದರಲ್ಲಿ ಸೋರುತ್ತಿತ್ತು. ತಾಯಿ ಮಗ ಒಂದೇ ಅಂಗಳದಲ್ಲಿದ್ದು ಸುಮಾರು ಒಂದು ವರ್ಷ ಮಾತಾಡಲಿಲ್ಲ. "ನಿನ್ನ ಗಂಡನಿಗೆ ಹೇಳು, ಸೂರು ಸೋರ್ತಿದೆ." "ನಿನ್ನ ಅತ್ತೆಗೆ ಹೇಳು, ನಾನು ಕುರುಡ ಅಲ್ಲ." ನಡುವೆ ನಾನು. ಕೊನೆಗೆ ಒಂದು ದಿನ ನಾನು ಇಬ್ಬರ ಎದುರೂ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿ, "ಇವತ್ತಿಂದ ನಾನು ಮೂಗಿ!" ಅಂತ ಕೂಗಿದೆ. ಅವತ್ತು ಸಂಜೆಯಿಂದ ಅವರೇ ಮಾತಾಡಿಕೊಂಡರು. ಕಟ್ಟೆಯ ವಿಷಯ ಮಾತ್ರ ಎಂದೂ ಬರಲಿಲ್ಲ.

ಹದಿನೈದು ವರ್ಷ ಹಾಗೇ ಹೋಯಿತು. ಉಳಿದ ನಾಲ್ಕು ಕಟ್ಟೆಗಳು ಒಂದೊಂದಾಗಿ ಕಲ್ಲುಗುಪ್ಪೆಯಾದವು. ಆಮೇಲೆ ಪ್ವಾತಿಯೆಯಿಂದ ತಿಬೋದೋ ಅನ್ನುವ ನಿವೃತ್ತ ಮೇಷ್ಟ್ರು ಬಂದು ನಮ್ಮೂರಲ್ಲಿ ಮನೆ ಮಾಡಿದರು. ತೆಳ್ಳಗಿನ ಮನುಷ್ಯ, ಮಾತು ಮಾತಿಗೆ ಕನ್ನಡಕ ಒರೆಸುವವರು. ಮೂವತ್ತು ಜನರ ಸಂಘ ಕಟ್ಟಿಕೊಂಡು ಅತ್ತೆಯ ಹತ್ತಿರ ಬಂದರು.

"ಅಮ್ಮಾ, ಇದು ನಮ್ಮ ಕರಾವಳಿಯ ಪರಂಪರೆ."

"ಪರಂಪರೆ ಅಂದ್ರೇನು ಮೇಷ್ಟ್ರೇ?"

"ಹಿಂದಿನಿಂದ ಬಂದದ್ದು. ಹಾಳಾಗ್ತಿರೋದು. ಎಲ್ಲರೂ ಸೇರಿ ಉಳಿಸಿಕೊಳ್ಳಬೇಕಾದ್ದು."

"ಹಾಗಾದ್ರೆ ನನ್ನ ಮೊಣಕಾಲನ್ನೂ ಬರ್ಕೊಳ್ಳಿ."

ಅವರು ಮೊದಲ ದಿನ ಕಲ್ಲುಗಳಿಗೆ ಸೀಮೆಸುಣ್ಣದಿಂದ ಸಂಖ್ಯೆ ಬರೆದರು. ಉಬ್ಬರ ಬಂದು ಒರೆಸಿಹಾಕಿತು. ಅತ್ತೆ ದಿಬ್ಬದ ಮೇಲೆ ನಿಂತು ಹೊಟ್ಟೆ ಹಿಡಿದು ನಕ್ಕಳು. ಆದರೆ ಮರುವಾರ ತಾನೇ ಕೆಳಗಿಳಿದು ಕೋಲಿನಿಂದ ತೋರಿಸತೊಡಗಿದಳು. "ಅಡ್ಡ ಅಲ್ಲ, ಉದ್ದಕ್ಕಿಡಿ! ಕಲ್ಲಿನ ಸಣ್ಣ ತುದಿ, ಆ ಬಾಲ, ಒಳಗೆ! ಇದೇನು ಬ್ರೆಡ್ಡಿಗೆ ಬೆಣ್ಣೆ ಹಚ್ಚೋದಾ?" ವಕೀಲರು, ನರ್ಸಮ್ಮ, ಅಂಚೆಯವರು, ಎಲ್ಲರೂ ಬೈಸಿಕೊಂಡರು. ಬೈಸಿಕೊಂಡವರು ಮರಳಿ ಬಂದರು. ದಂಡೆಯಲ್ಲಿ ಅವರು ಆಕೆಯ ಫೋಟೋ ಇರುವ ಫಲಕ ನಿಲ್ಲಿಸಬೇಕೆಂದಾಗ, "ನಾನು ಇನ್ನೂ ಸತ್ತಿಲ್ಲ, ಮೊಳೆ ಹೊಡೀಬೇಡಿ," ಅಂತ ಓಡಿಸಿದಳು.

99ರ ಡಿಸೆಂಬರಿನ ಚಂಡಮಾರುತ ಬಂದಾಗ ಆಕೆಗೆ ಎಂಬತ್ತೇಳು. ಪೈನ್ ಮರಗಳು ಬೆಂಕಿಕಡ್ಡಿಯಂತೆ ಮುರಿದವು, ಎಷ್ಟೋ ದಿನ ಕರೆಂಟಿಲ್ಲ. ಗಾಳಿ ನಿಂತ ಮೇಲೆ ಹೋಗಿ ನೋಡಿದರೆ ಕೆಂಚಿಯ ನಡು ಭಾಗ ನಲವತ್ತು ಹೆಜ್ಜೆಯಷ್ಟು ಕಾಣೆ. ಅತ್ತೆಯ ಉಸಿರು ಆಗಲೇ ಗೊರಗುಡುತ್ತಿತ್ತು. ಹಾಸಿಗೆಯಲ್ಲಿ ಎದ್ದು ಕೂರುವಳು, ಕಾಲು ಕೆಳಗಿಡುವಳು, ನಾನು ಮತ್ತೆ ಮಲಗಿಸುವೆ. "ಎಷ್ಟಾಯ್ತು?" "ಆರು ಹೆಜ್ಜೆ." "ಅಷ್ಟೇನಾ? ಏನ್ ಮಾಡ್ತಿದ್ದೀರಿ ಅಲ್ಲಿ, ಪಿಕ್ನಿಕ್ಕಾ?" ಮರುದಿನ ಮತ್ತೆ ಅದೇ. ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಕೇಳಲಿಲ್ಲ. ಹೊದಿಕೆಯ ಮೇಲೆ ಬೆರಳು ಮಾತ್ರ ಸ್ವಲ್ಪ ಹೊತ್ತು ಆಡುತ್ತಿತ್ತು. ಆಮೇಲೆ ಅದೂ ನಿಂತಿತು.

ಪಾದ್ರಿಗಳು ಐದು ಊರಿಗೆ ಒಬ್ಬರೇ. ಸೋಮವಾರ ಹನ್ನೊಂದಕ್ಕೆ ಸಾವಿನ ಪೂಜೆ ಎಂದರು. ನಾನು ಇಳಿತದ ಪಟ್ಟಿ ನೋಡಿದೆ. ಹುಣ್ಣಿಮೆ ಕಳೆದ ಎರಡನೆಯ ದಿನ, ತಿಂಗಳಲ್ಲೇ ದೊಡ್ಡ ಇಳಿತ, ಸರಿಯಾಗಿ ಹನ್ನೆರಡರ ಆಸುಪಾಸು. ಬುಡದ ಕಲ್ಲು ಕೂರಿಸಲು ಅಂಥ ಇಳಿತವೇ ಬೇಕು. ಫೋನು ಮಾಡಿದೆ.

"ಫಾದರ್, ಮೂರು ಗಂಟೆಗೆ ಇಟ್ಕೊಳ್ಳೋಣ."

"ಯಾಕಮ್ಮಾ? ದೂರದಿಂದ ಯಾರಾದ್ರೂ ಬರಬೇಕಾ?"

"ಇಲ್ಲ. ಕಲ್ಲಿಡೋದಿದೆ."

"ಝೆಲಿಯಮ್ಮನೇ ಹೇಳಿದ್ರಾ?"

"ಹೇಳೋಕೆ ಅವರಿಲ್ಲ. ನಾನು ಹೇಳ್ತಿದ್ದೀನಿ."

ಸೋಮವಾರ ಹತ್ತೂವರೆಗೆ ಸಂಘದವರೆಲ್ಲ ಕಟ್ಟೆಯಲ್ಲಿದ್ದರು. ಬಡಗಣ ಗಾಳಿ, ಬೆರಳು ಮರಗಟ್ಟುತ್ತಿತ್ತು. ನೀರು ಇನ್ನೂ ಮೊಣಕಾಲಿಗಿರುವಾಗ ದಿಬ್ಬದ ಕಡೆಯಿಂದ ಒಬ್ಬರು ಬರುತ್ತಿರುವುದು ಕಂಡಿತು. ಸಾವಿಗೆಂದು ಹಾಕಿಕೊಂಡ ಕಪ್ಪು ಕೋಟು, ಕೆಳಗೆ ಸಿಂಪಿ ಕೆಲಸದ ರಬ್ಬರ್ ಬೂಟು. ರೆಮಿ. ಅರವತ್ತೊಂದು ವರ್ಷದ ನನ್ನ ಗಂಡ. ತಿಬೋದೋ ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ರೆಮಿ ಒಡಕಿನ ತುದಿಯಲ್ಲಿ ನಿಂತು ನೋಡಿದ. ಬಗ್ಗಿ ಒಂದು ಕಲ್ಲೆತ್ತಿ ಇಟ್ಟ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಅಡ್ಡ ಅಲ್ಲ ರೆಮಿ, ಉದ್ದಕ್ಕೆ..."

"ಗೊತ್ತು," ಎಂದ. "ಎಂಟು ವರ್ಷದವನಿದ್ದಾಗಿನಿಂದ ಗೊತ್ತು." ಕಲ್ಲನ್ನು ಎತ್ತಿ, ತಿರುಗಿಸಿ, ಬಾಲ ಒಳಗಾಗುವಂತೆ ಕೂರಿಸಿ, ಅಂಗೈಯಿಂದ ಎರಡು ಸಲ ತಟ್ಟಿದ. ಅದು ಅಲುಗಲಿಲ್ಲ.

ನೀರು ತಿರುಗುವವರೆಗೂ ಇಬ್ಬರೂ ಪಕ್ಕಪಕ್ಕದಲ್ಲಿ ಕೆಲಸ ಮಾಡಿದೆವು. ಹನ್ನೊಂದು ಹೆಜ್ಜೆ ಆಯಿತು. ಒಂದು ಹಂತದಲ್ಲಿ ಅವನು ನೆಟ್ಟಗೆ ನಿಂತು ದಂಡೆಯ ಒಂದು ಜಾಗದ ಕಡೆ ನೋಡಿದ. ಅಪ್ಪ ಬಿದ್ದ ಜಾಗ ಅದೇ ಇರಬೇಕು.

ಮೂರು ಗಂಟೆಗೆ ಇಗರ್ಜಿಯಲ್ಲಿ ಮುಕ್ಕಾಲು ಪಾಲು ಜನರ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಕಲ್ಲುಹಾಸಿನ ಮೇಲೆಲ್ಲ ಮರಳು. ಪಾದ್ರಿಗಳು ಬೇಗ ಮುಗಿಸಿದರು. ಜನ ಚಳಿಗೆ ನಡುಗುತ್ತಿದ್ದರು.

ಏಪ್ರಿಲಿನಲ್ಲಿ ಒಡಕು ಮುಚ್ಚಿತು. ಯಜಮಾನರು ಯಾರಾಗಬೇಕು ಅಂತ ಸಂಘದವರು ಕೈ ಎತ್ತಿಸಿದಾಗ ನನ್ನ ಹೆಸರು ಬಂತು. ಒಪ್ಪಿಕೊಂಡೆ. ಮೊದಲ ದಿನ ಬಿದ್ದದ್ದು ಒಂದು ತೊರಕೆ, ಎರಡು ನಾಲಿಗೆ ಮೀನು, ಬುಟ್ಟಿಯ ತಳ ಮುಚ್ಚುವಷ್ಟು ಸೀಗಡಿ. ಮೂವತ್ತು ಜನಕ್ಕೆ ಇದನ್ನು ಹೇಗೆ ಹಂಚುವುದು ಅಂತ ದಂಡೆಯಲ್ಲೇ ಜಗಳ ಶುರುವಾಯಿತು. ನರ್ಸಮ್ಮ ವಕೀಲರ ಮೇಲೆ ಹರಿಹಾಯ್ದಳು. ರೆಮಿ ತನ್ನ ಪಾಲು ಬೇಡವೆಂದು, ಜಾಲರಿಗೆ ಸಿಕ್ಕಿದ್ದ ಪಾಚಿ ಬಿಡಿಸುತ್ತ ಕೂತ. ನಾನು ಬುಟ್ಟಿ ಎತ್ತಿಕೊಂಡು ಮನೆಗೆ ಹೋಗಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೆಳ್ಳುಳ್ಳಿ, ಆಲೂಗಡ್ಡೆ ಸೇರಿಸಿ ಸೂಪು ಮಾಡಿದೆ. ನೀರು ಸ್ವಲ್ಪ ಜಾಸ್ತಿಯಾಯಿತು. ಆದರೂ ಎಲ್ಲರಿಗೂ ಒಂದೊಂದು ಬಟ್ಟಲು ಸಿಕ್ಕಿತು.